ಕೆಂಗರಿ ತನ್ನ ಗರಿ ಕಿತ್ತುಕೊಂಡದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ನೆಲವೆಲ್ಲ ಒಂದೇ ತುಂಡಾಗಿತ್ತು. ಸಮುದ್ರ ಇನ್ನೂ ಅದನ್ನು ಪಾಲು ಮಾಡಿರಲಿಲ್ಲ. ಹುಲ್ಲು ಹುಟ್ಟಿರಲಿಲ್ಲ. ಹೂವು ಹುಟ್ಟಿರಲಿಲ್ಲ. ಬೆಳಗಾಯಿತೆಂದು ಕೂಗಿ ಹೇಳಲು ಒಂದು ಹಕ್ಕಿಯೂ ಇರಲಿಲ್ಲ. ಸೂರ್ಯ ಸದ್ದಿಲ್ಲದೆ ಬರುತ್ತಿದ್ದ, ಸದ್ದಿಲ್ಲದೆ ಹೋಗುತ್ತಿದ್ದ.

ಆಗ ಒಂದು ದೊಡ್ಡ ಹೊಳೆಯ ದಂಡೆಯಲ್ಲಿ ಕೆಂಗರಿ ಎಂಬ ಬೇಟೆಗಾತಿ ಇದ್ದಳು.

ಅವಳ ಕುಲದವರನ್ನು ನಾವೀಗ ಡೈನೋಸಾರ್ ಅನ್ನುತ್ತೇವೆ. ಹಾಗೆಂದ ಕೂಡಲೇ ಗುಡ್ಡದಂಥ ಪ್ರಾಣಿಯನ್ನು ನೆನೆಸಿಕೊಳ್ಳಬೇಡ, ಮಗು. ಆ ದೊಡ್ಡವರೆಲ್ಲ ಬಂದದ್ದು ಆಮೇಲೆ, ಎಷ್ಟೋ ಕಾಲ ಆದಮೇಲೆ. ಕೆಂಗರಿ ಮೊದಮೊದಲಿನವಳು. ಎತ್ತರ ನೋಡಿದರೆ ಒಂದು ಆಡಿನಷ್ಟು. ಎರಡೇ ಕಾಲಿನಲ್ಲಿ ಓಡುತ್ತಿದ್ದಳು. ಹಿಂದೆ ಚಾಚಿದ ಉದ್ದ ಬಾಲ, ಮುಂದೆ ಚಾಚಿದ ಉದ್ದ ಕತ್ತು, ಬಾಯಿ ತುಂಬ ಚೂಪು ಹಲ್ಲು. ಅವಳ ಮೂಳೆಗಳು ಬಿದಿರಿನ ಕೊಳವೆಯ ಹಾಗೆ ಒಳಗೆ ಟೊಳ್ಳು. ಅದಕ್ಕೇ ಅವಳು ಓಡಿದರೆ ಜರಿಗಿಡಗಳು ಬಾಗುವ ಮೊದಲೇ ಅವಳು ದಾಟಿ ಹೋಗಿರುತ್ತಿದ್ದಳು.

ಇದೆಲ್ಲ ಇದ್ದದ್ದೇ. ಆದರೆ ನೋಡಿದವರು ನಿಂತು ನೋಡುತ್ತಿದ್ದದ್ದು ಅವಳ ಗರಿಯನ್ನು.

ಅವಳ ಕುಲದ ಎಲ್ಲರಿಗೂ ಮೈಮೇಲೆ ಒಂದಿಷ್ಟು ಗರಿ ಇತ್ತು. ಈಗಿನ ಹಕ್ಕಿಯ ಗರಿಯಂತಲ್ಲ, ಕೋಳಿಮರಿಯ ಮೈಯಲ್ಲಿರುತ್ತದಲ್ಲ ಆ ನಯವಾದ ತುಪ್ಪಳದಂಥದ್ದು. ಕೆಂಗರಿಗೆ ಅದು ಎಲ್ಲರಿಗಿಂತ ದಟ್ಟ. ಮೂತಿಯ ತುದಿಯನ್ನೂ ಪಾದಗಳನ್ನೂ ಬಿಟ್ಟರೆ ಉಳಿದ ಮೈಯೆಲ್ಲ ಗರಿ. ಬಣ್ಣ ಇಟ್ಟಿಗೆಯ ಕೆಂಪು. ಸಂಜೆ ಬಿಸಿಲಿಗೆ ಅವಳು ದಂಡೆಯ ಮೇಲೆ ಓಡಿದರೆ ಕೆಂಡವೊಂದು ತಾನಾಗಿ ಎದ್ದು ಓಡಿದಂತೆ ಕಾಣುತ್ತಿತ್ತು.

ಹೊಳೆಯ ಆಚೆ ದಡದಲ್ಲಿ ಬಂಡೆಮೈಯ ಇರುತ್ತಿದ್ದ. ಅವನು ಮೊಸಳೆಯ ದೊಡ್ಡಪ್ಪನ ಮಕ್ಕಳ ಕಡೆಯವನು. ನಾಲ್ಕು ಕಾಲಿನ ಮೇಲೆ ಎತ್ತರಕ್ಕೆ ನಿಂತು ನಡೆಯುತ್ತಿದ್ದ. ಬೆನ್ನಿನ ಮೇಲೆ ಹಲಗೆ ಜೋಡಿಸಿದಂತೆ ಗಟ್ಟಿ ಚಿಪ್ಪುಗಳು. ಆ ಸೀಮೆಗೆಲ್ಲ ಅವನೇ ದೊಡ್ಡವನು. ಅವನನ್ನು ಕಂಡರೆ ಎಲ್ಲರಿಗೂ ಹೆದರಿಕೆ, ಕೆಂಗರಿಯ ಮೇಲೆ ಮಾತ್ರ ಅವನಿಗೆ ಒಂದು ಬಗೆಯ ಅಕ್ಕರೆ.

ಒಂದು ದಿನ ಅವಳು ಓತಿಕ್ಯಾತವೊಂದನ್ನು ಅಟ್ಟಿಸಿಕೊಂಡು ಹೋಗಿ, ಅದು ಕಲ್ಲಿನ ಸಂದಿಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಹಿಡಿದಳು. ಬಂಡೆಮೈಯ ದೂರದಿಂದ ನೋಡುತ್ತಿದ್ದವನು ತಲೆದೂಗಿದ.

"ಕೆಂಗರಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಅಂದ. "ನನ್ನ ಬೆನ್ನಿನ ಚಿಪ್ಪು ಯಾಕೆ ಅಂತ ನಂಗೊತ್ತು. ಯಾರು ಕಚ್ಚಿದರೂ ಅವರ ಹಲ್ಲೇ ಮುರಿಯುತ್ತೆ. ನಿನ್ನ ಈ ಗರಿ ಯಾಕೆ?"

"ಗೊತ್ತಿಲ್ಲ ಮಾವ."

"ಕಚ್ಚಿದರೆ ತಡೆಯುತ್ತಾ?"

"ಇಲ್ಲ."

"ಹಾರೋಕೆ ಬರುತ್ತಾ?"

"ಎಲ್ಲಿ ಬಂತು! ಒಂದು ಸಲ ದಿಬ್ಬದ ಮೇಲಿಂದ ಹಾರಿ ನೋಡಿದೆ. ಮೂತಿ ಕೆಸರಲ್ಲಿ ಹೂತುಹೋಯ್ತು."

"ಮತ್ತೆ ಯಾಕಮ್ಮ ಇದು?"

ಕೆಂಗರಿ ಕತ್ತು ತಿರುಗಿಸಿ ತನ್ನ ಮೈಯನ್ನೇ ನೋಡಿಕೊಂಡಳು. "ಚೆನ್ನಾಗಿದೆ ಅಲ್ವಾ ಮಾವ?" ಅಂದಳು.

ಬಂಡೆಮೈಯ ನಕ್ಕ. ಅವನು ನಕ್ಕರೆ ದಂಡೆಯ ಕೆಸರು ಅದುರುತ್ತಿತ್ತು. "ಚೆನ್ನಾಗಿದೆ. ಅದಂತೂ ಸುಳ್ಳಲ್ಲ," ಅಂದ.

ಚೆಂದವನ್ನು ಕಂಡರೆ ಬಿಡದವಳು ಇನ್ನೊಬ್ಬಳಿದ್ದಳು. ಅವಳು ಹೊಳೆಯಮ್ಮ.

ಹೊಳೆಯಮ್ಮನಿಗೆ ಚಿತ್ರ ಬರೆಯುವುದೆಂದರೆ ಪ್ರಾಣ. ದಂಡೆಯಲ್ಲಿ ಯಾರ ಓಟ ಮುಗಿಯಿತೋ, ಯಾರ ಉಸಿರು ನಿಂತಿತೋ, ಅವರನ್ನು ಅವಳು ಮೆಲ್ಲಗೆ ಎಳೆದುಕೊಂಡು ಮಣ್ಣು ಹೊದಿಸುತ್ತಿದ್ದಳು. ಆ ಮಣ್ಣು ಕಲ್ಲಾಗುವ ಹೊತ್ತಿಗೆ ಅದರೊಳಗೆ ಅವರ ಚಿತ್ರ ಉಳಿದಿರುತ್ತಿತ್ತು. ಹೆಚ್ಚಿನವರಿಗೆ ದಪ್ಪ ಮರಳೇ ಗತಿ. ದಪ್ಪ ಮರಳಿನಲ್ಲಿ ಮೂಳೆ ಮೂಡುತ್ತದೆ, ಹಲ್ಲು ಮೂಡುತ್ತದೆ, ಬಂಡೆಮೈಯನಂಥವರ ಚಿಪ್ಪು ಮೂಡುತ್ತದೆ. ನವಿರಾದದ್ದು ಮೂಡುವುದಿಲ್ಲ.

ಆದರೆ ಹೊಳೆಯ ತಿರುವಿನಲ್ಲಿ, ನೀರು ನಿದ್ದೆ ಮಾಡಿದಂತೆ ನಿಲ್ಲುವ ಕಡೆ, ಅವಳು ಸ್ವಲ್ಪ ಜೇಡಿಮಣ್ಣನ್ನು ಕೂಡಿಟ್ಟಿದ್ದಳು. ತೆಳು ಬಟ್ಟೆಯಲ್ಲಿ ಸೋಸಿದ ರಾಗಿಹಿಟ್ಟಿನಷ್ಟು ನಯವಾದ ಮಣ್ಣು. ಒಂದು ದಿನ ಕೆಂಗರಿಯನ್ನು ಅಲ್ಲಿಗೆ ಕರೆದಳು.

"ನೋಡು ಇಲ್ಲಿ," ಅಂದು ನೀರನ್ನು ಸ್ವಲ್ಪ ಸರಿಸಿದಳು.

ಕೆಂಗರಿ ಬಗ್ಗಿ ನೋಡಿದಳು. ಜೇಡಿಯಲ್ಲಿ ಜರಿಗಿಡದ ಎಲೆಯೊಂದು ಮೂಡಿತ್ತು. ಎಲೆಯ ಒಂದೊಂದು ನರವೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ನೀನು ಏರೋಪ್ಲೇನ್ ಚಿಟ್ಟೆ ಅನ್ನುತ್ತೀಯಲ್ಲ, ಆ ಹುಳ. ಅದರ ರೆಕ್ಕೆಯ ಬಲೆಯಂಥ ಗೆರೆಗಳೂ ಹಾಗೇ ಇದ್ದವು.

"ಅಬ್ಬಾ," ಅಂದಳು ಕೆಂಗರಿ.

"ನಿನ್ನ ಓಟ ಮುಗಿದ ದಿನ ಇಲ್ಲಿಗೆ ಬಾ," ಅಂದಳು ಹೊಳೆಯಮ್ಮ. "ಈ ಮಣ್ಣನ್ನ ಇನ್ಯಾರಿಗೂ ಕೊಡಲ್ಲ. ನಿನ್ನ ಒಂದೊಂದು ಗರಿಯನ್ನೂ ಬಿಡದೆ ಬರೀತೀನಿ. ಆದರೆ ಗರಿ ನಿನ್ನ ಮೈಮೇಲಿರಬೇಕು ಮತ್ತೆ. ಮನಸ್ಸಿನಿಂದ ಬರೆಯೋ ವಿದ್ಯೆ ನಂಗಿಲ್ಲ. ಇದ್ದದ್ದು ಇದ್ದ ಹಾಗೆ, ಅಷ್ಟೇ."

ಕೆಂಗರಿ ತನ್ನನ್ನು ತಾನು ಕಂಡಿದ್ದು ಹರಿಯುವ ನೀರಿನಲ್ಲಿ ಮಾತ್ರ. ಅಲ್ಲಿ ಎಲ್ಲವೂ ಅಲುಗಾಡುತ್ತದೆ. ಅಲುಗಾಡದ ತಾನೊಬ್ಬಳು ಕಲ್ಲಿನಲ್ಲಿ ಉಳಿಯುತ್ತಾಳೆ, ಲೋಕ ಇರುವ ತನಕ ಇರುತ್ತಾಳೆ ಎಂದು ತಿಳಿದಾಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ. ಅವತ್ತು ಮನೆಯ ಕಡೆ ಓಡಲಿಲ್ಲ, ಕುಣಿಯುತ್ತಾ ಹೋದಳು. ಗಂಡ ನೀಳಬಾಲನಿಗೆ ಎಲ್ಲ ಹೇಳಿದಳು.

ನೀಳಬಾಲನದು ಮಾತು ಕಡಿಮೆ. "ಒಳ್ಳೇದಾಯ್ತು," ಅಂದ. ಆಮೇಲೆ, "ನಂಗೂ ಪಕ್ಕದಲ್ಲಿ ಒಂಚೂರು ಜಾಗ ಕೇಳು," ಅಂದ.

ಹೀಗಿರುವಾಗ ಒಂದು ದಿನ ಉತ್ತರದ ಬೆಟ್ಟ ಬಾಯಿ ತೆರೆಯಿತು.

ಮೊದಲು ನೆಲ ಗುಡುಗಿತು. ಆಮೇಲೆ ಬೆಟ್ಟದ ತಲೆಯಿಂದ ಬೆಂಕಿ ಎದ್ದಿತು. ಬೆಂಕಿ ದೂರದಲ್ಲೇ ಉಳಿಯಿತು, ಬೂದಿ ಮಾತ್ರ ಎಲ್ಲ ಕಡೆ ಬಂತು. ಅದು ಆಕಾಶವನ್ನೆಲ್ಲ ಮುಚ್ಚಿತು. ಸೂರ್ಯ ಬರುತ್ತಿದ್ದ, ಆದರೆ ಕಂಬಳಿ ಹೊದ್ದವನಂತೆ ಮಂಕಾಗಿ ಬರುತ್ತಿದ್ದ. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ.

ಆಗ ಚಳಿ ಬಂತು. ಅದುವರೆಗೆ ಲೋಕಕ್ಕೆ ಚಳಿ ಗೊತ್ತೇ ಇರಲಿಲ್ಲ. ಅದಕ್ಕೊಂದು ಹೆಸರೂ ಇರಲಿಲ್ಲ. ಹೊಳೆಯ ಅಂಚಿನಲ್ಲಿ ನೀರು ಗಟ್ಟಿಯಾಯಿತು. ಅದರ ಮೇಲೆ ಕಾಲಿಟ್ಟ ಕೆಂಗರಿ ಜಾರಿ ಬಿದ್ದಳು. ಎದ್ದು ಅದನ್ನು ಮೂಸಿ ನೋಡಿ, "ಹೊಳೆಯಮ್ಮ, ನಿಂಗೇನಾಯ್ತು?" ಅಂತ ಕೇಳಿದಳು.

"ನಂಗೇ ಗೊತ್ತಾಗ್ತಿಲ್ಲ ಮಗಳೇ. ಅಂಚಿನಿಂದ ಮರಗಟ್ಟಿಕೊಂಡು ಬರ್ತಾ ಇದೆ," ಅಂದಳು ಹೊಳೆಯಮ್ಮ.

ಬರಿಮೈಯವರೆಲ್ಲ ನಡುಗಿದರು. ಬಂಡೆಮೈಯ ಆಚೆ ದಡದಿಂದ ತೆವಳಿಕೊಂಡು ಬಂದ. ಎತ್ತರಕ್ಕೆ ನಿಂತು ನಡೆಯುತ್ತಿದ್ದವನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು.

"ಕೆಂಗರಿ," ಅಂದ. "ನಿಂಗೆ ಇದು ಆಗ್ತಿಲ್ವಾ?"

"ಮೂತಿಗೆ ಆಗ್ತಿದೆ ಮಾವ. ಪಾದಕ್ಕೆ ಆಗ್ತಿದೆ. ಮೈಗೆ ಅಷ್ಟಿಲ್ಲ."

ಬಂಡೆಮೈಯ ಅವಳ ಗರಿಯನ್ನು ಬಹಳ ಹೊತ್ತು ನೋಡಿದ. "ಯಾಕೆ ಅಂತ ಕೇಳಿದ್ನಲ್ಲ. ಇದಕ್ಕೇ ಇರಬೇಕು," ಅಂದ.

ಕೆಂಗರಿ ಅವನ ಪಕ್ಕಕ್ಕೆ ಹೋಗಿ ಮೈ ಒತ್ತಿ ಮಲಗಿದಳು. ನೀಳಬಾಲ ಇನ್ನೊಂದು ಪಕ್ಕ ಮಲಗಿದ. ಆದರೆ ಬಂಡೆಮೈಯ ಬಹಳ ದೊಡ್ಡವನು, ಇಬ್ಬರ ಬಿಸಿ ಅವನಿಗೆ ಎಲ್ಲಿ ಸಾಲುತ್ತದೆ? ಅವನೇ, "ಸಾಕು ಮಕ್ಕಳೇ, ಏಳಿ. ನಿಮ್ಮ ಬಿಸಿ ನಿಮಗಿರಲಿ," ಅಂದ. ಮರಳಿನ ಮೇಲೆ ಕಾಲು ಮಡಚಿ, ತಲೆ ನೆಟ್ಟಗಿಟ್ಟುಕೊಂಡು, ರಾಜನಂತೆ ಕೂತ. ಹಾಗೆ ಕೂತವನು ಏಳಲಿಲ್ಲ. ಹೊಳೆಯಮ್ಮ ಅವನ ಒಂದೊಂದು ಚಿಪ್ಪನ್ನೂ ಸಾಲು ತಪ್ಪದಂತೆ ಬರೆದಿಟ್ಟಳು.

ಕೆಂಗರಿ ಅತ್ತಳು. ಆದರೆ ಅತ್ತು ಕೂರುವ ಹೊತ್ತು ಅದಾಗಿರಲಿಲ್ಲ. ದಿಬ್ಬದ ಹಿಂದೆ ಅವಳ ಮೊಟ್ಟೆಗಳಿದ್ದವು.

ಆ ಕಾಲದಲ್ಲಿ ಮೊಟ್ಟೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಮರಳಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋದರೆ ಮುಗಿಯಿತು. ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು. ಈಗ ಬಿಸಿಲೇ ಇಲ್ಲ. ಕೆಂಗರಿ ಮರಳು ಕೆದಕಿ ಮೊಟ್ಟೆಗೆ ಮೂತಿ ತಾಗಿಸಿದಳು. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕಾಲು ಮಡಚಿ ಮೊಟ್ಟೆಗಳ ಮೇಲೆ ಕೂತಳು.

ನೀಳಬಾಲ ಬೇಟೆ ತಂದವನು ನೋಡಿ ಗಾಬರಿಯಾದ. "ಏ, ಒಡೆದುಹೋಗುತ್ತೆ!"

"ಇಲ್ಲ. ಭಾರ ಬಿಟ್ಟಿಲ್ಲ. ನಾನು ಬೆಚ್ಚಗಿದೀನಲ್ಲ, ಅವೂ ಬೆಚ್ಚಗಾಗಲಿ."

ಅವತ್ತೆಲ್ಲ ಕೂತಳು. ಮಾರನೆಯ ದಿನವೂ ಕೂತಳು. ಎದ್ದು ಮೂತಿ ತಾಗಿಸಿ ನೋಡಿದರೆ ಮೊಟ್ಟೆ ಇನ್ನೂ ತಣ್ಣಗೇ ಇತ್ತು. ಅವಳಿಗೆ ಅರ್ಥವೇ ಆಗಲಿಲ್ಲ. ತಾನು ಇಷ್ಟು ಬೆಚ್ಚಗಿದ್ದೇನೆ, ಮೊಟ್ಟೆ ತನ್ನ ಹೊಟ್ಟೆಯ ಕೆಳಗೇ ಇದೆ, ಆದರೂ ಯಾಕೆ ಹೀಗೆ?

ಆಗ ಗಾಳಿಯಣ್ಣ ಅಲ್ಲೇ ಸುತ್ತುತ್ತಿದ್ದ. ಅವನು ಕೆಟ್ಟವನಲ್ಲ, ಊದುವುದು ಅವನ ಹುಟ್ಟುಗುಣ. "ಕೆಂಗರಿ, ನಿನ್ನ ಗರಿ ಭಾರಿ ಗಟ್ಟಿಗ," ಅಂದ. "ಎಷ್ಟು ಊದಿದರೂ ನಾನು ಒಳಗೆ ಹೋಗೋಕೇ ಆಗ್ತಿಲ್ಲ. ಹೊರಗಿಂದು ಹೊರಗೇ, ಒಳಗಿಂದು ಒಳಗೇ."

"ಏನಂದೆ?" ಕೆಂಗರಿ ತಟ್ಟನೆ ತಲೆಯೆತ್ತಿದಳು.

"ಹೊರಗಿಂದು ಹೊರಗೇ, ಒಳಗಿಂದು ಒಳಗೇ ಅಂದೆ."

ಕೆಂಗರಿ ಕೆಳಗೆ ನೋಡಿದಳು. ಅವಳ ಬಿಸಿ ಗರಿಯ ಒಳಗಿತ್ತು. ಮೊಟ್ಟೆಗಳು ಗರಿಯ ಹೊರಗಿದ್ದವು. ಅವಳನ್ನು ಕಾಯುತ್ತಿದ್ದ ಗರಿಯೇ ಅವಳಿಗೂ ಮಕ್ಕಳಿಗೂ ನಡುವೆ ಬಾಗಿಲು ಹಾಕಿ ನಿಂತಿತ್ತು.

ಅವಳು ಕತ್ತು ಬಗ್ಗಿಸಿ, ಹೊಟ್ಟೆಯ ಒಂದು ಗರಿಯನ್ನು ಹಲ್ಲಿನಿಂದ ಹಿಡಿದು, ಕಿತ್ತಳು.

ನೋವಾಯಿತು. ಕಿತ್ತ ಜಾಗದಲ್ಲಿ ಸಣ್ಣ ರಕ್ತದ ಚುಕ್ಕೆ ಮೂಡಿತು. ಇನ್ನೊಂದು ಕಿತ್ತಳು. ಮತ್ತೊಂದು.

ಹೊಳೆಯಮ್ಮ ತಿರುವಿನಿಂದ ಕೂಗಿದಳು. "ಕೆಂಗರಿ! ಏನು ಮಾಡ್ತಿದೀಯಾ? ನಿನ್ನ ಚಿತ್ರ!"

"ನೆನಪಿದೆ ಹೊಳೆಯಮ್ಮ."

"ನಿಂಗೋಸ್ಕರ ಮಣ್ಣು ಸೋಸಿ ಸೋಸಿ ಇಟ್ಟಿದೀನಿ. ಇಂಥ ಹೊತ್ತಲ್ಲಿ ಯಾರ ಉಸಿರು ಯಾವಾಗ ನಿಲ್ಲುತ್ತೋ ಗೊತ್ತಿಲ್ಲ. ಬರಿಮೈಯಲ್ಲಿ ಬಂದರೆ ನಾನೇನು ಬರೆಯಲಿ?"

ಕೆಂಗರಿಯ ಬಾಯಲ್ಲಿ ಒಂದು ಗರಿ ಇತ್ತು. ಸಂಜೆ ಬಿಸಿಲಿಗೆ ಕೆಂಡದಂತೆ ಹೊಳೆಯುತ್ತಿದ್ದ ಗರಿ. ಅವಳು ಅದನ್ನು ನೋಡಿದಳು. ಆಸೆಯಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಲ್ಲಿನಲ್ಲಿ ಉಳಿಯುವ ಆಸೆ ಅವಳಿಗೆ ಬಹಳ ಇತ್ತು.

"ಹೊಳೆಯಮ್ಮ," ಅಂದಳು, "ಇವು ಒಡೆದು ಹೊರಗೆ ಬರದಿದ್ರೆ, ನನ್ನ ಚಿತ್ರ ನೋಡೋಕೆ ನಮ್ಮೋರು ಅಂತ ಯಾರಿರ್ತಾರೆ?"



ಕೆಂಗರಿ ಹೊಟ್ಟೆಯ ಗರಿಯನ್ನೆಲ್ಲ ಕಿತ್ತಳು. ಬರಿ ಚರ್ಮವನ್ನು ಮೊಟ್ಟೆಗೆ ತಾಗಿಸಿ ಕೂತಾಗ ಚಳಿ ನೆತ್ತಿಗೆ ಏರಿದಂತಾಯಿತು. ಆದರೆ ಸ್ವಲ್ಪ ಹೊತ್ತಿಗೆ ಮೊಟ್ಟೆಯ ಚಿಪ್ಪು ಹಿತವಾಗಿ ಬೆಚ್ಚಗಾಗತೊಡಗಿತು. ಅವಳ ಬಿಸಿ ಮಕ್ಕಳ ಮನೆಗೆ ಹೋಗಿ ಸೇರಿತ್ತು.

ಕಿತ್ತ ಗರಿಯನ್ನು ಮೊಟ್ಟೆಗಳ ಸುತ್ತ ಹಾಸಿದಳು. ಗಾಳಿಯಣ್ಣ ಬಂದ, ಹಾಸಿದ್ದನ್ನು ಎತ್ತಿಕೊಂಡು ಹೋದ.

"ಗಾಳಿಯಣ್ಣ, ಬಿಡೋ!" ಅಂದಳು.

"ಬೇಕು ಅಂತ ಮಾಡಿದ್ದಲ್ಲ ತಂಗಿ. ನಾನು ಸುಳಿದರೆ ಹಗುರವಾದದ್ದೆಲ್ಲ ಹಿಂದೆ ಬಂದುಬಿಡುತ್ತೆ," ಅಂತ ಅವನು ನೊಂದುಕೊಂಡ. ಆದರೆ ಹೋದ ಗರಿ ಹೋಯಿತು. ಅವಳು ಎದೆಯ ಗರಿ ಕಿತ್ತು ಹಾಸಿದಳು. ಅದೂ ಹಾರಿತು. ಪಕ್ಕೆಯ ಗರಿ, ಕತ್ತಿನ ಗರಿ, ತೊಡೆಯ ಗರಿ. ಕೊನೆಗೆ ಕೆಂಗರಿಯ ಮೈಮೇಲೆ ಹೆಸರಿಗೆ ಬೆನ್ನಿನ ಮೇಲೊಂದಿಷ್ಟು ಉಳಿಯಿತು.

ಕುಲದ ತಾಯಂದಿರು ನೋಡಲು ಬಂದರು. "ಅಯ್ಯೋ, ಎಂಥಾ ಗರಿ! ಹುಚ್ಚು ಹಿಡೀತಾ ಇವಳಿಗೆ?" ಅಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಸೊಟ್ಟುಗುರಿನಜ್ಜಿ. ಅವಳು ಮುಂದೆ ಬಂದು ಗುಂಡಿಯೊಳಗೆ ಮೂತಿ ಇಟ್ಟಳು. ಇಟ್ಟವಳು ಹಾಗೇ ನಿಂತಳು. ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಬೆಚ್ಚಗಿವೆ ಕಣ್ರೇ," ಅಂದಳು.

ಅಷ್ಟು ಸಾಕಾಯಿತು. ತಾಯಂದಿರು ತಂತಮ್ಮ ಗುಂಡಿಗಳ ಕಡೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ದಂಡೆಯ ಮೇಲೆಲ್ಲ ಗರಿ ಹಾರಾಡುತ್ತಿತ್ತು. ಕಂದು, ಬೂದು, ಕಪ್ಪು. ಗಾಳಿಯಣ್ಣ ಹೊತ್ತುಕೊಂಡು ಹೋದದ್ದೇ ಹೋದದ್ದು.

ಚಳಿ ಇನ್ನೂ ಏರಿತು. ಬರಿಮೈಯ ಕೆಂಗರಿ ಕೂತಲ್ಲೇ ಗಡಗಡ ನಡುಗಿದಳು. ನೀಳಬಾಲ ಗಾಳಿ ಬೀಸುವ ಕಡೆಗೆ ಬಂದು, ತನ್ನ ಉದ್ದ ಬಾಲವನ್ನು ಅವಳ ಸುತ್ತ ತಂದು, ಗೋಡೆಯಂತೆ ಮಲಗಿದ.

"ಬೇಟೆಗೆ ಹೋಗಲ್ವಾ?" ಅಂದಳು.

"ಹಸಿವು ತಡ್ಕೋಬಹುದು."

"ನಿಂಗೂ ಪಕ್ಕದಲ್ಲಿ ಜಾಗ ಬೇಕು ಅಂದಿದ್ದೆ, ಚಿತ್ರಕ್ಕೆ."

"ಈಗ ಪಕ್ಕದಲ್ಲೇ ಇದೀನಲ್ಲ," ಅಂದ ನೀಳಬಾಲ.

ಹಾಗೇ ಕೂತರು. ಬೂದಿ ಬಿತ್ತು, ಕೂತರು. ಹೊಳೆ ಗಟ್ಟಿಯಾಯಿತು, ಕೂತರು. ಕೆಂಗರಿಯ ಕಣ್ಣು ಮಂಜಾಗುತ್ತಾ ಬಂದ ಒಂದು ಬೆಳಗ್ಗೆ, ಹೊಟ್ಟೆಯ ಕೆಳಗೆ ಏನೋ ತಟ್ಟಿದಂತಾಯಿತು. ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ.

ಟಿಕ್.

ಅವಳು ಉಸಿರು ಬಿಗಿಹಿಡಿದಳು.

ಟಿಕ್, ಟಿಕ್.

ಚಿಪ್ಪು ಬಿರಿಯಿತು. ಒಂದು ಪುಟ್ಟ ಮೂತಿ ಹೊರಗೆ ಬಂತು. ಅದರ ಹಿಂದೆ ಒದ್ದೆಯಾದ ಕೆಂಪು ಮುದ್ದೆಯಂಥ ಮೈ. ಒಣಗುತ್ತಾ ಒಣಗುತ್ತಾ ಆ ಮುದ್ದೆ ಹೂವಿನಂತೆ ಅರಳಿತು, ಹೂವೆಂಬುದು ಇನ್ನೂ ಹುಟ್ಟದ ಲೋಕದಲ್ಲಿ. ಮೈಯೆಲ್ಲ ತುಪ್ಪಳ! ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಎಲ್ಲವೂ ಅಮ್ಮನ ಬರಿ ಹೊಟ್ಟೆಗೆ ಒತ್ತಿಕೊಂಡವು. ಆ ಮರಿಗಳ ಗರಿಯಿಂದಲೇ ಅವಳಿಗೆ ಬೆಚ್ಚಗಾಯಿತು.

ಬರಬರುತ್ತಾ ಬೂದಿ ಇಳಿಯಿತು. ಸೂರ್ಯ ಕಂಬಳಿ ತೆಗೆದಿಟ್ಟ. ಹೊಳೆ ಹರಿಯಿತು. ಬರಿಮೈಯ ದೊಡ್ಡವರು ಅನೇಕರು ಆ ಚಳಿಯಲ್ಲಿ ಹೋಗಿಬಿಟ್ಟಿದ್ದರು. ದಂಡೆಯ ಮೇಲೆ ಓಡಾಡಲು ಉಳಿದವರು ಈ ಗರಿಯ ಕುಲದವರು, ಅವರ ಮರಿಗಳು.

ಕೆಂಗರಿಯ ಮೈಮೇಲೆ ಗರಿ ಮತ್ತೆ ಬೆಳೆಯಿತು, ಮೊದಲಿನಷ್ಟೇ ಕೆಂಪಗೆ. ಹೊಳೆಯಮ್ಮನಿಗೆ ಹಿಗ್ಗು. ಆದರೆ ಮತ್ತೆ ಮೊಟ್ಟೆಯಿಡುವ ಕಾಲ ಬಂದಾಗ ಕೆಂಗರಿ ಮತ್ತೆ ಕತ್ತು ಬಗ್ಗಿಸಿ ಗರಿ ಕಿತ್ತಳು.

"ಈಗ ಬಿಸಿಲಿದೆಯಲ್ಲೇ!" ಅಂದಳು ಹೊಳೆಯಮ್ಮ.

"ಇದೆ. ನಾಳೆ ಇರುತ್ತೆ ಅಂತ ನಂಬೋದು ಹೇಗೆ?" ಅಂದಳು ಕೆಂಗರಿ. ಪ್ರತಿ ಸಲವೂ ಹಾಗೇ ಮಾಡಿದಳು. ಅವಳ ಕುಲದವರೂ ಹಾಗೇ ಮಾಡಿದರು. ಗಂಡಸರೂ ಕಾವಿಗೆ ಕೂತು ಕಿತ್ತುಕೊಂಡರು.

ಕೆಂಗರಿಗೆ ವಯಸ್ಸಾಯಿತು. ಕೊನೆಯ ಸಲದ ಮರಿಗಳು ಚಿಪ್ಪೊಡೆದು ಎದ್ದು ಓಡುವುದನ್ನು ನೋಡಿ, ನೀರು ಕುಡಿಯಲೆಂದು ಹೊಳೆಗೆ ಇಳಿದಳು. ಅಲ್ಲೇ ದಂಡೆಯ ಮೇಲೆ ತಲೆಯಿಟ್ಟಳು. ಅವಳ ಓಟ ಮುಗಿದಿತ್ತು. ಆ ಸಲ ಬೆನ್ನಿನ ಮೇಲೂ ಗರಿ ಉಳಿದಿರಲಿಲ್ಲ.

ಹೊಳೆಯಮ್ಮ ಅವಳನ್ನು ಎತ್ತಿಕೊಂಡು ತಿರುವಿಗೆ ಒಯ್ದಳು. ಬೇರೆ ಯಾರಿಗೂ ಕೊಡದೆ ಇಟ್ಟ ಆ ಮಣ್ಣಿನ ಮೇಲೇ ಮಲಗಿಸಿದಳು. ಅವಳ ಗರಿ ಹೇಗಿತ್ತೆಂದು ಹೊಳೆಯಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಇದ್ದದ್ದು ಇದ್ದ ಹಾಗೆ ಬರೆಯುವುದಷ್ಟೇ ಅವಳಿಗೆ ಗೊತ್ತಿದ್ದ ವಿದ್ಯೆ. ಮೂಳೆಗಳನ್ನು ಬರೆದಳು. ಆ ಟೊಳ್ಳು ಮೂಳೆಗಳನ್ನು, ಓಡುವಂತೆ ಬಾಗಿದ ಕಾಲುಗಳನ್ನು, ಚೂಪು ಹಲ್ಲುಗಳನ್ನು ಅವಳು ಅಷ್ಟು ಪ್ರೀತಿಯಿಂದ ಹಿಂದೆಂದೂ ಬರೆದಿರಲಿಲ್ಲ. ಗರಿಯ ಜಾಗವನ್ನು ಖಾಲಿ ಬಿಟ್ಟಳು.

ಎಷ್ಟೋ ಕಾಲದ ಮೇಲೆ ಮನುಷ್ಯರು ಬಂದರು, ಕಲ್ಲು ಒಡೆದರು, ಮೂಳೆ ಕಂಡರು. "ಇದರ ಮೈ ಹೇಗಿತ್ತು?" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು. ಒಬ್ಬರು ಓತಿಕ್ಯಾತದಂತೆ ಒರಟು ಚರ್ಮ ಬರೆದರು, ಇನ್ನೊಬ್ಬರು ಮೈತುಂಬ ಗರಿ ಬರೆದರು. ನಿನ್ನ ಪುಸ್ತಕದಲ್ಲಿ ಒಂದು ಥರ, ನಿನ್ನ ಗೆಳೆಯನ ಪುಸ್ತಕದಲ್ಲಿ ಇನ್ನೊಂದು ಥರ ಇರುವುದು ಅದಕ್ಕೇ. ಕಲ್ಲಿಗೆ ಗೊತ್ತಿರುವುದು ಮೂಳೆ ಮಾತ್ರ. ಗರಿಯ ಸುದ್ದಿ ಗಾಳಿಯಣ್ಣನಿಗೆ ಗೊತ್ತು, ಆದರೆ ಅವನು ಒಂದು ಕಡೆ ನಿಂತು ಹೇಳುವವನಲ್ಲ.

ಕೆಂಗರಿಯ ಮಕ್ಕಳ ಮಕ್ಕಳು, ಅವರ ಮಕ್ಕಳು, ಹಲ್ಲು ಕಳಚಿ ಕೊಕ್ಕು ಕಟ್ಟಿಕೊಂಡು ನಮ್ಮ ಹಿತ್ತಲಿನ ತನಕ ಬಂದಿದ್ದಾರೆ. ಚಳಿಗಾಲವಾಗಲಿ ಬೇಸಿಗೆಯಾಗಲಿ, ಮಂಕರಿ ಬುಟ್ಟಿಯ ಕೆಳಗೆ ಕಾವಿಗೆ ಕೂತ ಕೋಳಿಯನ್ನು ಇವತ್ತು ನೀನು ಮೆಲ್ಲಗೆ ಎತ್ತಿ ನೋಡಿದರೆ, ಮಗು, ಮೈಯೆಲ್ಲ ಗರಿಯಿದ್ದೂ ಅದರ ಹೊಟ್ಟೆಯ ನಡುವೆ ಒಂದು ಅಂಗೈಯಷ್ಟು ಜಾಗ ಬರಿದಾಗಿರುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ.